ಇನ್ಫಿನಿಟಿ ರೀಡಿಂಗ್ ತಪ್ಪಿದರೆ ಸರಾಸರಿ ಕಾಪಾಡುವುದಿಲ್ಲ

ಪ್ರಶ್ನೆ: ಮೀಥೈಲ್ ಅಸಿಟೇಟ್ ಪ್ರಯೋಗದಲ್ಲಿ ನನ್ನ ದರ ಸ್ಥಿರಾಂಕ (ಕ್ರಿಯೆ ಎಷ್ಟು ವೇಗ ಅನ್ನುವ ಅಂಕಿ) ಒಂದೊಂದು ರೀಡಿಂಗಿಗೂ ಏರುತ್ತಾ ಹೋಗುತ್ತದೆ. ಸರಾಸರಿ ತೆಗೆದರೆ ಸಾಕಾ ಸರ್?

ಸಾಲದಮ್ಮ. ಈ ಪ್ರಯೋಗದಲ್ಲಿ ಮೀಥೈಲ್ ಅಸಿಟೇಟ್ ಅನ್ನೋ ಎಸ್ಟರ್ ನೀರಿನ ಜೊತೆ ಸೇರಿ ನಿಧಾನಕ್ಕೆ ಆಸಿಡ್ ಆಗುತ್ತದೆ, ಆ ಆಸಿಡ್ ಎಷ್ಟಾಯಿತು ಅಂತ ಬ್ಯುರೆಟ್‌ನಿಂದ ಕ್ಷಾರ ಬಿಟ್ಟು ಅಳೆಯುತ್ತೇವೆ. ಪ್ರತಿ ವರ್ಷ ಪ್ರ್ಯಾಕ್ಟಿಕಲ್ ಹತ್ತಿರ ಬಂದಾಗ ಇದೇ ಪ್ರಶ್ನೆ ಬರುತ್ತದೆ. ಬೆಲೆಗಳು ಹೆಚ್ಚು ಕಡಿಮೆ ಆಗುತ್ತಿದ್ದರೆ ಬ್ಯುರೆಟ್ ಓದಿದ್ದು ಸರಿಯಿಲ್ಲ ಅನ್ನಬಹುದು. ಒಂದೇ ಸಮನೆ ಏರುತ್ತಿದ್ದರೆ ಮೊದಲು ಇನ್ಫಿನಿಟಿ ರೀಡಿಂಗ್, ಅಂದರೆ ಕ್ರಿಯೆ ಪೂರ್ತಿ ಮುಗಿದ ಮೇಲೆ ತೆಗೆಯುವ ಕೊನೆಯ ರೀಡಿಂಗ್, ನೋಡಿ.

ಶುರುವಿನಲ್ಲಿ 9.5 ಮಿ.ಲೀ., 30ನೇ ನಿಮಿಷಕ್ಕೆ 11.5, 120ಕ್ಕೆ 15.7, ಇನ್ಫಿನಿಟಿ 21.5 ಅಂದುಕೊಳ್ಳಿ. ಎರಡೂ ಕಡೆ ನಿಮಿಷಕ್ಕೆ 0.0061 ಬರುತ್ತದೆ. ಇನ್ಫಿನಿಟಿ 19.5 ಅಂತ ಬರೆದುಕೊಂಡಿರೋ, 30ಕ್ಕೆ 0.0074, 120ಕ್ಕೆ 0.0081. ಯಾವ ಸರಾಸರಿಯೂ ಇವನ್ನು 0.0061ಕ್ಕೆ ಇಳಿಸಲ್ಲ, ಅಲ್ವಾ?

ಆ ಎರಡು ಮಿ.ಲೀ. ಎಲ್ಲಿ ಹೋಯಿತು? ಬೇಗ ಮುಗಿಯಲಿ ಅಂತ ತೆರೆದ ಫ್ಲಾಸ್ಕಿನಲ್ಲಿ ಕಾಯಿಸಿರುತ್ತೀರಿ. ಮೀಥೈಲ್ ಅಸಿಟೇಟ್ 57 ಡಿಗ್ರಿಗೇ ಕುದಿಯುತ್ತದೆ. ಆಸಿಡ್ ಆಗಬೇಕಿದ್ದ ಎಸ್ಟರ್ ಹಾರಿಹೋಗುತ್ತದೆ. ಫ್ಲಾಸ್ಕಿನ ಬಾಯಲ್ಲಿ ಹಣ್ಣಿನಂಥ ವಾಸನೆ ಬರುವುದು ಅದರದ್ದೇ. ಆ ಆವಿಗೆ ಬೆಂಕಿ ಥಟ್ಟನೆ ಹತ್ತುತ್ತದೆ. ಬರ್ನರ್ ಹತ್ತಿರ ಬೇಡವೇ ಬೇಡ! ಬಿಗಿಯಾಗಿ ಬಿರಡೆ ಹಾಕಿ ಮಾರನೆಯ ದಿನದವರೆಗೆ ಸುಮ್ನೆ ಇಡಿ. ಈ ಲೆಕ್ಕದಲ್ಲಿ ಅರ್ಧಾಯು, ಅಂದರೆ ಇರುವ ಎಸ್ಟರ್‌ನಲ್ಲಿ ಅರ್ಧ ಮುಗಿಯಲು ಬೇಕಾದ ಸಮಯ, ಸುಮಾರು 114 ನಿಮಿಷ. ಒಂದು ದಿನದಲ್ಲಿ ಅಂಥ ಹನ್ನೆರಡು ಕಳೆದಿರುತ್ತವೆ.

ಕಾಯಲು ಆಗದಿದ್ದರೆ 1926ರಲ್ಲಿ ರಸಾಯನ ವಿಜ್ಞಾನಿ ಗುಗ್ಗನ್‌ಹೈಮ್ ತೋರಿಸಿದ ದಾರಿ ಇದೆ. ಒಂದೇ ಅಂತರ ಬಿಟ್ಟು ಜೋಡಿ ರೀಡಿಂಗ್ ತೆಗೆಯಿರಿ. ವ್ಯತ್ಯಾಸದ ಲಾಗ್ ಮತ್ತು ಸಮಯಕ್ಕೆ ಗ್ರಾಫ್ ಹಾಕಿ. ಇನ್ಫಿನಿಟಿ ಬೇಕೇ ಆಗುವುದಿಲ್ಲ. ಅಂತರ ಮಾತ್ರ ಎರಡು ಅರ್ಧಾಯುವಿನಷ್ಟಾದರೂ ಇರಲಿ.

ಒಮ್ಮೆ ಒಂದು ರೆಕಾರ್ಡ್ ಬುಕ್ಕಿನಲ್ಲಿ 19.5 ಅನ್ನು ಉಜ್ಜಿ 21.5 ಮಾಡಿದ್ದು ಕಂಡೆ. ಕಾಗದ ಸವೆದು ತೂತು ಬೀಳುವಂತಿತ್ತು. "ಇನ್ಫಿನಿಟಿ ಸ್ವಲ್ಪ ಅಡ್ಜಸ್ಟ್ ಮಾಡಿಕೋ" ಅಂತ ಹೇಳಿಕೊಟ್ಟವರು ಟ್ಯೂಷನ್‌ನವರು. ಇವರಿಂದ ಮಕ್ಕಳಿಗೆ ಆಗುವ ಹಾನಿ ನೆನೆದರೆ ಸಿಟ್ಟು ಬರುತ್ತದೆ.

ಪ್ರಶ್ನೆ: 10 ಡಿಗ್ರಿ ಏರಿದರೆ ಸ್ಥಿರಾಂಕ ಎರಡು ಪಟ್ಟಾಗುತ್ತದೆ, ನಿಜವಾ?

ಎಲ್ಲ ಕ್ರಿಯೆಗೂ ಅಲ್ಲ. ಆಕ್ಟಿವೇಷನ್ ಎನರ್ಜಿ (ಕ್ರಿಯೆ ನಡೆಯಲು ಬೇಕಾದ ಕನಿಷ್ಠ ಶಕ್ತಿ) ಮೋಲಿಗೆ 53 ಕಿಲೋಜೂಲ್ ಆಸುಪಾಸಿದ್ದರೆ, ಅದೂ 25 ಡಿಗ್ರಿಯ ಸುತ್ತಮುತ್ತ.

ಪ್ರಶ್ನೆ: ಎಸ್ಟರ್ ಜಾಸ್ತಿ ಹಾಕಿದರೆ ಸ್ಥಿರಾಂಕವೂ ಜಾಸ್ತಿಯಾಗುತ್ತದಾ?

ಇಲ್ಲ. ಕ್ರಿಯೆಗೆ ವೇಗ ಕೊಡಲು ಮೊದಲೇ ಹಾಕುವ ಆಸಿಡ್ ಜಾಸ್ತಿ ಮಾಡಿದರೆ ಆಗುತ್ತದೆ. ಆಸಿಡ್ ಎಷ್ಟು ನಾರ್ಮಲ್ (ಎಷ್ಟು ಸಾಂದ್ರ), ಉಷ್ಣತೆ ಎಷ್ಟು ಅಂತ ಪಕ್ಕದಲ್ಲಿ ಬರೆಯದ ಸ್ಥಿರಾಂಕವನ್ನು ನಾನಂತೂ ನೋಡುವುದೇ ಇಲ್ಲ.