ಇಂಗ್ಲೆಂಡಿನ ‘ಚರ್ಚ್ ಆಫ್ ಇಂಗ್ಲೆಂಡ್’ ಪ್ರಾಥಮಿಕ ಶಾಲೆಗೆ ಹಿಂದೂ ಮಗುವನ್ನು ಸೇರಿಸಬಹುದೇ? ಈ ಶಾಲೆಗಳ ಹಿನ್ನೆಲೆ ಏನು?

ಖಂಡಿತ ಸೇರಿಸಬಹುದು. ಬಹುಪಾಲು ಶಾಲೆಗಳು ಸರ್ಕಾರದ ಹಣದಲ್ಲಿ ನಡೆಯುವುದರಿಂದ ಶುಲ್ಕವೂ ಇಲ್ಲ.

ಬಡ ಮಕ್ಕಳಿಗೆ ಊರೂರಲ್ಲಿ ಶಾಲೆ ತೆರೆಯಲು 1811ರಲ್ಲಿ ಈ ಚರ್ಚಿನ ಸಂಸ್ಥೆಯಾಗಿ ನ್ಯಾಷನಲ್ ಸೊಸೈಟಿ ಹುಟ್ಟಿತು. ಸರ್ಕಾರ ಶಾಲಾ ಕಟ್ಟಡಗಳಿಗೆ ಮೊದಲ ಸಲ 20,000 ಪೌಂಡ್ ಕೊಟ್ಟದ್ದೇ 1833ರಲ್ಲಿ. ಸಾರ್ವಜನಿಕ ಹಣದಲ್ಲಿ ಶಾಲೆ ತೆರೆಯಲು ದಾರಿ ಮಾಡಿದ 1870ರ ಕಾಯ್ದೆ ಬರುವ ಹೊತ್ತಿಗೆ ಸೊಸೈಟಿಯ ಶಾಲೆಗಳು ಸಾವಿರಾರು ಇದ್ದವು. ಸರ್ಕಾರ ಮುಂದಾಗುವ ಮೊದಲೇ ಬಡ ಮಕ್ಕಳಿಗೆ ಶಾಲೆ ಕೊಟ್ಟದ್ದೇ ಇವುಗಳ ಅತಿ ದೊಡ್ಡ ಸಾಧನೆ. ಈ ಶಾಲೆಗಳಿಗೆ ಬೋಧನಾ ಕ್ರಮ ಹೋದದ್ದು ಮದರಾಸಿನಿಂದ! ಅಲ್ಲಿನ ಅನಾಥಾಲಯದ ಮುಖ್ಯಸ್ಥ ಆಂಡ್ರ್ಯೂ ಬೆಲ್, ದೇಸಿ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತೀಡುವುದನ್ನು ಕಂಡು, ಅದನ್ನೇ ಅಳವಡಿಸಿಕೊಂಡರು. ನಮ್ಮ ಕೂಲಿಮಠದ ಮರಳಕ್ಷರವನ್ನು ನೆನೆಸಿಕೊಳ್ಳಿ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಪದ್ಧತಿಯಾದ್ದರಿಂದ ಒಬ್ಬ ಮೇಷ್ಟ್ರಿಗೇ ನೂರಾರು ಮಕ್ಕಳನ್ನು ನಿಭಾಯಿಸಲು ಆಗುತ್ತಿತ್ತು.

ಅರ್ಜಿ ಹಾಕುವ ಮುನ್ನ ಶಾಲೆ ಯಾವ ಬಗೆಯದೆಂದು ನೋಡಿ. 1944ರ ಕಾಯ್ದೆ ಚರ್ಚ್ ಶಾಲೆಗಳನ್ನು ಮುಖ್ಯವಾಗಿ ಎರಡು ಬಗೆ ಮಾಡಿತು. ‘ಕಂಟ್ರೋಲ್ಡ್’ ಶಾಲೆಯಲ್ಲಿ ಪ್ರವೇಶದ ನಿಯಮ ಸಾಮಾನ್ಯವಾಗಿ ಕೌನ್ಸಿಲ್‌ನದು, ಅಂದರೆ ಸ್ಥಳೀಯ ಆಡಳಿತದ್ದು. ‘ಏಡೆಡ್’ ಶಾಲೆಯಲ್ಲಿ ಶಾಲೆಯ ಆಡಳಿತ ಮಂಡಳಿಯದು. ಸೀಟಿಗಿಂತ ಅರ್ಜಿ ಹೆಚ್ಚಾದರೆ ಚರ್ಚಿಗೆ ಹೋಗುವ ಕುಟುಂಬಗಳಿಗೆ ಆದ್ಯತೆ ಕೊಡಬಹುದು. ಜನ ಎಡವುವುದು ಇಲ್ಲೇ. ಜನವರಿ 15ರೊಳಗೆ ಕೌನ್ಸಿಲ್ ಅರ್ಜಿ ಹಾಕಿ ಸುಮ್ಮನಾಗುತ್ತಾರೆ. ಶಾಲೆ ಕೇಳುವ ಪೂರಕ ಫಾರಂ ಉಳಿದುಬಿಡುತ್ತದೆ. ಆದರೆ ಸೀಟು ಖಾಲಿ ಇದ್ದರೆ ಧರ್ಮದ ಕಾರಣಕ್ಕೆ ನಿರಾಕರಿಸುವಂತಿಲ್ಲ. ನಿತ್ಯದ ಪ್ರಾರ್ಥನೆಯಿಂದಲೂ ಧರ್ಮಪಾಠದಿಂದಲೂ ಮಗುವನ್ನು ಹೊರಗಿಡುವ ಹಕ್ಕು ಪೋಷಕರಿಗಿದೆ, ಮುಖ್ಯೋಪಾಧ್ಯಾಯರಿಗೆ ಬರೆದು ತಿಳಿಸಿ.