ಶಾಲೆಯ ಕೈತೋಟದಿಂದ ಮನೆಯ ಅಡುಗೆಗೆ: ಚೀಲ ಕೊಡುವುದೋ, ಸಸಿ ಕೊಡುವುದೋ?

ಓದುಗರ ಪತ್ರ

ಹಿರಿಯೂರು ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯೊಬ್ಬರು ಕೇಳಿದ್ದಾರೆ: “ನಮ್ಮ ಶಾಲೆಯಲ್ಲಿ 62 ಮಕ್ಕಳಿದ್ದಾರೆ. 1ರಿಂದ 5ರವರೆಗೆ 44, ಮೇಲಿನ ತರಗತಿಗಳಲ್ಲಿ 18. ಒಟ್ಟು 48 ಮನೆಯ ಮಕ್ಕಳು. ಎರಡು ಗುಂಟೆ ಕೈತೋಟ ಮಾಡಿದ್ದೇವೆ. ಬಿಸಿಯೂಟದಲ್ಲಿ ಸೊಪ್ಪು ತಿನ್ನುವ ಮಕ್ಕಳು ಮನೆಯಲ್ಲಿ ತಿನ್ನುವುದಿಲ್ಲ ಎಂದು ತಾಯಂದಿರು ಹೇಳುತ್ತಾರೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಶಾಲೆಯಿಂದಲೇ ಮನೆಮನೆಗೆ ಪ್ರತಿ ವಾರ ತರಕಾರಿ ಚೀಲ ಕೊಡುತ್ತಾರಂತೆ. ನಮ್ಮ ತೋಟದಿಂದ ಹಾಗೆ ಕೊಡಬಹುದೇ? ಪ್ರತಿ ಬೇಸಿಗೆ ರಜೆಯಲ್ಲಿ ತೋಟ ಒಣಗುವುದಕ್ಕೆ ಏನು ಮಾಡಬೇಕು? ಮೊದಲು ಯಾವ ಬೀಜ ತರಬೇಕು?”

ಸಂಪಾದಕರ ಉತ್ತರ

ಲೆಕ್ಕಕ್ಕೆ ಬೇಕಾದದ್ದೆಲ್ಲ ನಿಮ್ಮ ಪತ್ರದಲ್ಲೇ ಇದೆ, ಕೂಡಿಸಿ ನೋಡಿಲ್ಲ ಅಷ್ಟೆ. ಬಿಸಿಯೂಟದ ನಿಯಮದಂತೆ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 50 ಗ್ರಾಂ, 6ರಿಂದ 8ರವರೆಗಿನ ಮಗುವಿಗೆ 75 ಗ್ರಾಂ ತರಕಾರಿ ಬೀಳಬೇಕು. ನಿಮ್ಮ ಚಿಕ್ಕ ಮಕ್ಕಳಿಗೆ 2.2 ಕೆ.ಜಿ., ದೊಡ್ಡವರಿಗೆ 1.35 ಕೆ.ಜಿ. ದಿನಕ್ಕೆ ಮೂರೂವರೆ ಕೆ.ಜಿ. ಮೇಲಾಯಿತು. ಆರು ದಿನಕ್ಕೆ 21 ಕೆ.ಜಿ. ಎರಡು ಗುಂಟೆ ಎಂದರೆ 2,178 ಚದರಡಿ. ಓಡಾಡುವ ದಾರಿ, ಬೇಲಿ ಅಂಚು, ಗೊಬ್ಬರದ ಗುಂಡಿ, ಮರದ ನೆರಳು ಕಳೆದರೆ ಮಡಿಗೆ ಉಳಿಯುವುದು 1,200 ಚದರಡಿ. ನೀರು, ಗೊಬ್ಬರ ಎರಡೂ ಸರಿಯಿದ್ದ ಕಾಲದಲ್ಲಿ ಅಷ್ಟು ಜಾಗದಿಂದ ವಾರಕ್ಕೆ ಹನ್ನೆರಡರಿಂದ ಹದಿನೈದು ಕೆ.ಜಿ. ಬಂದರೆ ಅದು ಚೆನ್ನಾಗಿ ನೋಡಿಕೊಂಡ ತೋಟ. ಬಿಸಿಯೂಟದ ಪಾತ್ರೆಗೇ ಅದು ಸಾಲದು. ಇನ್ನು 48 ಮನೆಗೆ ಎರಡೆರಡು ಕೆ.ಜಿ.ಯಂತೆ ವಾರಕ್ಕೆ 96 ಕೆ.ಜಿ. ಎಲ್ಲಿಂದ ಬರಬೇಕು?

ಹ್ಯೂಸ್ಟನ್‌ನದು ಬೇರೆ ಲೆಕ್ಕ. ನೀವು ಓದಿರುವುದು 2012ರಲ್ಲಿ ಅಲ್ಲಿ ಶುರುವಾದ ‘ಬ್ರೈಟರ್ ಬೈಟ್ಸ್’ ಸಂಸ್ಥೆಯ ವಿಷಯ ಇರಬೇಕು. ಅವರು ಚೀಲಕ್ಕೆ ತುಂಬುವುದು ಶಾಲೆಯ ತೋಟದ ತರಕಾರಿಯನ್ನಲ್ಲ. ಮಾರುಕಟ್ಟೆಯಲ್ಲಿ ಮಿಕ್ಕ ಹಣ್ಣು ತರಕಾರಿಯನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಸಿಡುವ ಫುಡ್‌ಬ್ಯಾಂಕ್‌ಗಳು ಆ ದೇಶದಲ್ಲಿವೆ. ಅಲ್ಲಿಂದ ಬಂದ ಮಾಲನ್ನು ಶಾಲೆಯಲ್ಲಿ ಚೀಲಕ್ಕೆ ಹಾಕಿ ಕೊಡುತ್ತಾರೆ, ಮನೆಯಲ್ಲಿ ಫ್ರಿಜ್ ಇರುತ್ತದೆ. ನಮ್ಮಲ್ಲಿ ಸಂತೆಯಲ್ಲಿ ಮಿಕ್ಕಿದ್ದು ದನಕ್ಕೆ ಹೋಗುತ್ತದೆ, ಹೋಗಬೇಕಾದ್ದೂ ಅಲ್ಲಿಗೇ. ಆದರೆ ಅವರು ಚೀಲದ ಜೊತೆಗೆ ಇನ್ನೆರಡು ಕೆಲಸ ಮಾಡುತ್ತಾರೆ: ಮಕ್ಕಳಿಗೆ ಪಾಠ, ತಂದೆ ತಾಯಿಗೆ ಅದೇ ತರಕಾರಿಯ ಅಡುಗೆಯ ರುಚಿ. ನಾವು ಕಲಿಯಬೇಕಾದದ್ದು ಆ ಎರಡನ್ನು.

ಹಾಗಾಗಿ ನಮ್ಮ ಸಲಹೆ ಇದು. ಎರಡು ಗುಂಟೆಯ ತೋಟದಿಂದ ಮನೆಗೆ ತರಕಾರಿ ಕಳಿಸಬೇಡಿ. ಸಸಿ ಕಳಿಸಿ, ಬೀಜ ಕಳಿಸಿ. ತೋಟದ ಒಂದು ಮೂಲೆಯನ್ನು, 10 ಅಡಿಗೆ 12 ಅಡಿ ಸಾಕು, ಸಸಿಮಡಿ ಮಾಡಿ.

ಮನೆಗೆ ಕೊಡಬೇಕಾದ್ದು ಮೂರೇ ಬಗೆಯ ಗಿಡ: ನುಗ್ಗೆ ಒಂದು, ಪಪ್ಪಾಯ ಎರಡು, ಕರಿಬೇವು ಒಂದು. ನೀರು ಕಡಿಮೆಯಿರುವ ನಿಮ್ಮ ಸೀಮೆಯಲ್ಲಿ ಬಚ್ಚಲ ನೀರಿನಲ್ಲೇ ಇವು ಬದುಕುತ್ತವೆ. 48 ಮನೆಗೆ ನುಗ್ಗೆ 48, ಪಪ್ಪಾಯ 96. ಐದರಲ್ಲೊಂದು ಸಾಯುತ್ತದೆ ಎಂದಿಟ್ಟುಕೊಂಡು ನುಗ್ಗೆಗೆ 60, ಪಪ್ಪಾಯಕ್ಕೆ 120 ಚೀಲ ತುಂಬಿ. ಪ್ಲಾಸ್ಟಿಕ್ ಚೀಲ ಕೊಳ್ಳಬೇಕಾಗಿಲ್ಲ, ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಮಕ್ಕಳೇ ತರುತ್ತಾರೆ. ಸೋಪು ಹಾಕಿ ತೊಳೆದು, ತಳದಲ್ಲೂ ಪಕ್ಕದಲ್ಲೂ ಸೇರಿ ಆರು ತೂತು ಮಾಡಿಸಿ. ತೂತು ಮರೆತರೆ ಪಪ್ಪಾಯದ ಬುಡ ಕೊಳೆತು ಸಸಿಗಳು ಸಾಲಾಗಿ ಮಲಗುತ್ತವೆ. ಕೆಮ್ಮಣ್ಣು ಎರಡು ಬುಟ್ಟಿಗೆ ಮರಳು ಒಂದು, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಒಂದು. ಗೊಬ್ಬರ ಪೂರಾ ಕಳಿತಿರಲಿ. ಹಸಿ ಗೊಬ್ಬರಕ್ಕೆ ಗೆದ್ದಲು ಬರುತ್ತದೆ.

ನುಗ್ಗೆ, ಪಪ್ಪಾಯ ಎರಡನ್ನೂ ಒಂದೇ ದಿನ ಬಿತ್ತಬಾರದು. ಪಪ್ಪಾಯ ನಿಧಾನಿ, ಕೊಡುವ ಹದಕ್ಕೆ ಬರಲು ಎರಡು ತಿಂಗಳಾದರೂ ಬೇಕು. ಶಾಲೆ ತೆರೆದ ಮೇಲೆ ಜೂನ್ ಮಧ್ಯದಲ್ಲಿ ಚೀಲಕ್ಕೆ ಎರಡೆರಡು ಬೀಜ, ಅರ್ಧ ಇಂಚು ಆಳದಲ್ಲಿ ಹಾಕಿಸಿ. ಬೀಜದ ಮೇಲಿನ ಲೋಳೆಪೊರೆಯನ್ನು ಬೂದಿಯಲ್ಲಿ ಉಜ್ಜಿ ತೆಗೆದು ನೆರಳಲ್ಲಿ ಒಣಗಿಸಿರಬೇಕು, ಇಲ್ಲವಾದರೆ ಮೊಳಕೆ ಸರಿಯಾಗಿ ಬರುವುದಿಲ್ಲ. ನುಗ್ಗೆಗೆ ಅವಸರ ಜಾಸ್ತಿ, 35–40 ದಿನದಲ್ಲಿ ತಯಾರು. ಅದನ್ನು ಜುಲೈ ಹತ್ತರ ಸುಮಾರಿಗೆ ಒಂದಿಂಚು ಆಳದಲ್ಲಿ ಊರಿಸಿ. ಮೊದಲೇ ಊರಿದರೆ ಬೇರು ಚೀಲ ತೂರಿ ನೆಲಕ್ಕಿಳಿಯುತ್ತದೆ, ಕಿತ್ತಾಗ ತಾಯಿಬೇರು ಹರಿಯುತ್ತದೆ. ಕರಿಬೇವನ್ನು ಬೀಜದಿಂದ ಬೆಳೆಸಲು ಹೋಗಬೇಡಿ, ನೆಡುವ ಹದಕ್ಕೆ ಬರಲು ಹತ್ತಿರಹತ್ತಿರ ವರ್ಷ ಹಿಡಿಯುತ್ತದೆ. ಊರಿನ ಹಳೆಯ ಕರಿಬೇವಿನ ಬುಡದಲ್ಲಿ ಬೇರಿನಿಂದ ಎದ್ದ ಮರಿಗಳನ್ನು ಮಣ್ಣುಸಮೇತ ಎಬ್ಬಿಸಿ. ಸಾಲದಿದ್ದರೆ ತೋಟಗಾರಿಕೆ ಇಲಾಖೆಯ ನರ್ಸರಿ ಇದೆ.

ಹಂಚುವ ದಿನ ಆಗಸ್ಟ್ ತಿಂಗಳ ಮೂರನೇ ಶನಿವಾರ. ಅವತ್ತು ಪುಸ್ತಕದ ಚೀಲವಿಲ್ಲದ ‘ಸಂಭ್ರಮ ಶನಿವಾರ’, ಮಕ್ಕಳ ಕೈ ಬೆನ್ನು ಎರಡೂ ಖಾಲಿ ಇರುತ್ತವೆ. ನಿಮ್ಮ ಕಡೆ ಮಳೆಯ ಜೋರು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಸಸಿ ಬೇರು ಬಿಡುವ ಹೊತ್ತಿಗೆ ಮಳೆ ಸಿಗುತ್ತದೆ. ಜೂನ್ 5ರ ಪರಿಸರ ದಿನ ಫೋಟೊಕ್ಕೆ ಒಳ್ಳೆಯದು. ಹಿರಿಯೂರಿನಲ್ಲಿ ಅವತ್ತು ನೆಟ್ಟ ಗಿಡ ಜುಲೈ ಗಾಳಿಗೆ ಒಣಗುತ್ತದೆ.

ಮನೆಗೆ ಹೋದ ಸಸಿ ಸಾಯುವುದು ನೀರಿಲ್ಲದೆ ಅಲ್ಲ, ಮೇಕೆಯಿಂದ. ಅದಕ್ಕೆ ನುಗ್ಗೆಯಷ್ಟು ರುಚಿಯಾದದ್ದು ಇನ್ನೊಂದಿಲ್ಲ. ಜಾಲಿ ಮುಳ್ಳಿನ ಗೂಡು ಕಟ್ಟದ ಮನೆಗೆ ಸಸಿ ಕೊಡಬೇಡಿ. ಮೊದಲು ಗುಂಡಿ ತೆಗೆದು ಮುಳ್ಳು ತಂದಿಟ್ಟಿರಲಿ, ಮೇಲ್ತರಗತಿಯ ಇಬ್ಬರು ಮಕ್ಕಳು ನೋಡಿ ಬಂದು ಹೆಸರು ಬರೆಯಲಿ, ಆಮೇಲೆ ಸಸಿ. ನುಗ್ಗೆ ಮೂರಡಿ ಏರಿದ ಕೂಡಲೇ ಕುಡಿ ಚಿವುಟಬೇಕು. ಹೇಳದಿದ್ದರೆ ಯಾರೂ ಚಿವುಟುವುದಿಲ್ಲ, ಚಿವುಟದಿದ್ದರೆ ಗಿಡ ಒಂಟಿ ಕೋಲಾಗಿ ಹೆಂಚಿನ ಮೇಲೆ ಹೋಗಿ ನಿಲ್ಲುತ್ತದೆ, ಸೊಪ್ಪು ಕೈಗೆ ಸಿಗುವುದಿಲ್ಲ. ಪಪ್ಪಾಯ ಎರಡು ಯಾಕೆಂದರೆ ಬಹಳ ತಳಿಗಳಲ್ಲಿ ಗಂಡು ಗಿಡವೂ ಬರುತ್ತದೆ. ಉದ್ದ ತೊಟ್ಟಿನಲ್ಲಿ ಗೊಂಚಲು ಹೂ ಜೋತಾಡಿದರೆ ಅದು ಗಂಡು, ಕಾಯಿ ಕಟ್ಟುವುದಿಲ್ಲ. ಬಚ್ಚಲ ನೀರು ಹರಿದು ಹೋಗುವ ಕಡೆ ಪಪ್ಪಾಯ ಇಡಿ, ನಿಲ್ಲುವ ಕಡೆ ಅಲ್ಲ. ಎರಡು ದಿನ ಬುಡದಲ್ಲಿ ನೀರು ನಿಂತರೆ ಗಿಡ ಹೋಯಿತು.

ಬೀಜದ ಮಾತು ಸುಲಭ. ಹರಿವೆ ಅರ್ಧ ಚಮಚ, ಮೆಂತ್ಯ ಒಂದು ಹಿಡಿ, ಕೊತ್ತಂಬರಿ ಒಂದು ಹಿಡಿ. ಕಾಗದದ ಪೊಟ್ಟಣ ಕಟ್ಟಿ ಕೊಡಿ. ಒಂದೊಂದೂ ಮೂರಡಿಗೆ ಆರಡಿ ಮಡಿಗೆ ಸಾಕು. ಮೆಂತ್ಯ, ಕೊತ್ತಂಬರಿ ದಿನಸಿ ಅಂಗಡಿಯದ್ದೇ ಮೊಳೆಯುತ್ತದೆ, ಕೊತ್ತಂಬರಿಯನ್ನು ಚಪ್ಪಲಿ ಅಡಿಯಲ್ಲಿ ಉಜ್ಜಿ ಎರಡು ಹೋಳು ಮಾಡಿರಬೇಕು ಅಷ್ಟೆ. ಹರಿವೆ ಬೀಜ ಸಾಸಿವೆಗಿಂತ ಸಣ್ಣದು. ಒಂದು ಬೊಗಸೆ ಮರಳಲ್ಲಿ ಕಲಸಿ ಎರಚಿ, ಮೇಲೆ ಮಣ್ಣು ಮುಚ್ಚದೆ ಕೈಯಲ್ಲಿ ಸವರಿದರೆ ಸಾಕು. “ಬೀಜ ಹುಟ್ಟಲೇ ಇಲ್ಲ” ಎಂಬ ದೂರಿನಲ್ಲಿ ಬಹುಪಾಲು ಇರುವೆಯ ಕೆಲಸ. ಮಡಿಯ ಸುತ್ತ ನುಚ್ಚಕ್ಕಿ ಚೆಲ್ಲಿದರೆ ಇರುವೆ ಅದನ್ನು ಹೊತ್ತುಕೊಂಡು ಬೀಜ ಬಿಟ್ಟುಬಿಡುತ್ತದೆ. 25–30 ದಿನಕ್ಕೆ ಸೊಪ್ಪು ಕೈಗೆ.

ಇನ್ನು ನಿಮ್ಮ ನಿಜವಾದ ತೊಡಕು, ಶಾಲೆಯಲ್ಲಿ ತಿನ್ನುವ ಮಗು ಮನೆಯಲ್ಲಿ ಯಾಕೆ ತಿನ್ನುವುದಿಲ್ಲ. ಶಾಲೆಯಲ್ಲಿ ಸಾಲಾಗಿ ಕೂತು ಅರವತ್ತು ಮಕ್ಕಳು ತಿನ್ನುತ್ತಾರೆ, ಬೇರೆ ತಟ್ಟೆ ಇಲ್ಲ. ಮನೆಯಲ್ಲಿ ‘ಬೇಡ’ ಎಂದ ಕೂಡಲೇ ಬೇರೆ ಏನೋ ಬರುತ್ತದೆ. ಎಳೆಯ ನಾಲಿಗೆ ಹೊಸ ರುಚಿಗೆ ಒಗ್ಗಲು ಎಂಟು ಹತ್ತು ಸಲವಾದರೂ ಬೇಕು, ತಾಯಂದಿರು ಎರಡನೇ ಸಲಕ್ಕೆ ಕೈಬಿಡುತ್ತಾರೆ. ಇದನ್ನು ಭಾಷಣದಲ್ಲಿ ಹೇಳಿದರೆ ಯಾರೂ ಕೇಳುವುದಿಲ್ಲ. ಎಸ್‌ಡಿಎಂಸಿ ಸಭೆಯ ದಿನ ತಾಯಂದಿರನ್ನೂ ಮಕ್ಕಳ ಪಂಕ್ತಿಯಲ್ಲೇ ಕೂರಿಸಿ, ಒಂದು ಸೌಟು ನುಗ್ಗೆಸೊಪ್ಪಿನ ಸಾರು, ನಿಂಬೆಹಣ್ಣಿನ ಹೋಳು ಬಡಿಸಿ. ತನ್ನ ಮಗು ಎರಡನೇ ಸಲ ಹಾಕಿಸಿಕೊಳ್ಳುವುದನ್ನು ತಾಯಿ ಕಣ್ಣಾರೆ ನೋಡಬೇಕು. ಆಮೇಲೆ ಅಡುಗೆಯವರೇ ಹೇಗೆ ಮಾಡಿದೆವೆಂದು ಹೇಳಲಿ, ಮೇಷ್ಟ್ರು ಬೇಡ.

ಅವರು ಹೇಳಬೇಕಾದ್ದು ನಾಲ್ಕೇ ಮಾತು. ಸೊಪ್ಪನ್ನು ತೊಳೆದು ಹೆಚ್ಚಬೇಕು, ಹೆಚ್ಚಿ ತೊಳೆದರೆ ಸಾರ ನೀರಲ್ಲಿ ಹೋಗುತ್ತದೆ. ಹಸಿರು ಉಳಿಯಲೆಂದು ಸೋಡಾ ಹಾಕಬಾರದು, ಬಣ್ಣ ಉಳಿದು ಜೀವಸತ್ವ ಹೋಗುತ್ತದೆ. ನುಗ್ಗೆಯಲ್ಲಿ ಬಲಿತ ಎಲೆ, ಕಡ್ಡಿ ತೆಗೆದು, ಬೇಳೆ ಬೆಂದ ಮೇಲೆ ಸೊಪ್ಪು ಹಾಕಿ ಐದಾರು ನಿಮಿಷಕ್ಕೆ ಇಳಿಸಬೇಕು. ಜಾಸ್ತಿ ಬೆಂದ ಬಲಿತ ಸೊಪ್ಪಿನ ಕಹಿಯೇ ಮಕ್ಕಳನ್ನು ಓಡಿಸುವುದು. ಇಳಿಸಿದ ಮೇಲೆ ನಿಂಬೆ ಹಿಂಡಬೇಕು, ಸೊಪ್ಪಿನ ಮತ್ತು ರಾಗಿಯ ಕಬ್ಬಿಣಾಂಶ ಮೈಗೆ ಹತ್ತುವುದಕ್ಕೆ ಆ ಹುಳಿ ಬೇಕು. ಊಟ ಮುಗಿಸಿದ ಕೂಡಲೇ ಟೀ ಕುಡಿಯುವುದು ಇದಕ್ಕೆ ಉಲ್ಟಾ ಕೆಲಸ ಮಾಡುತ್ತದೆ, ಮಕ್ಕಳಿಗೂ ಟೀ ಕೊಡುವ ಮನೆಗಳಲ್ಲಿ ಇದನ್ನು ಒತ್ತಿ ಹೇಳಿಸಿ. ಬಸ್ಸಾರು ಮಾಡುವವರಿಗೆ ಹೊಸದೇನೂ ಹೇಳಬೇಕಾಗಿಲ್ಲ. ಸೊಪ್ಪು ಬೇಯಿಸಿದ ನೀರನ್ನು ಬಸಿದು ಸಾರಿಗೇ ಹಾಕುವುದರಿಂದ ಏನೂ ಚೆಲ್ಲಿಹೋಗುವುದಿಲ್ಲ. ಪೌಷ್ಟಿಕ ಆಹಾರದ ಭಿತ್ತಿಪತ್ರಗಳಲ್ಲಿ ಸಲಾಡ್ ಬಟ್ಟಲಿನ ಚಿತ್ರ ಹಾಕುವವರು ಒಮ್ಮೆ ಬಸ್ಸಾರು ಮುದ್ದೆಯ ಚಿತ್ರ ಹಾಕಬಹುದಿತ್ತು.

‘ಪಪ್ಪಾಯ ಉಷ್ಣ’ ಎಂಬ ಮಾತು ಬಂದೇ ಬರುತ್ತದೆ. ವಾದಕ್ಕೆ ನಿಲ್ಲಬೇಡಿ. ಬಸುರಿಯರು ಕಾಯಿ ಪಪ್ಪಾಯ ದೂರ ಇಡುವುದರಲ್ಲಿ ಅರ್ಥವಿದೆ, ಅದರ ಹಾಲು ಒಳ್ಳೆಯದಲ್ಲ. ಮಕ್ಕಳಿಗೆ ಪೂರ್ತಿ ಹಣ್ಣಾದದ್ದು ಅಂಗೈಯಗಲದ ಹೋಳು ಕೊಡಲು ಅಡ್ಡಿಯಿಲ್ಲ ಎಂದರೆ ಮುಗಿಯಿತು.

ಚೀಲದ ಆಸೆ ಬಿಡಲಾಗದಿದ್ದರೆ ವರ್ಷಕ್ಕೆ ಆರೇ ವಾರ, ಇಪ್ಪತ್ತು ಮನೆಗೆ ಮಾಡಿ ನೋಡಿ, ಆದರೆ ಪುಕ್ಕಟೆ ಅಲ್ಲ. ಊರಿನ ಇಬ್ಬರು ಮೂವರು ತರಕಾರಿ ಬೆಳೆಗಾರರಿಂದ ಬೆಳಗ್ಗೆ ನೇರ ತರಿಸಿ, ತಂದ ಬೆಲೆಗೇ ಕೊಡಿ. ಸೊಪ್ಪು ಎರಡು ಕಟ್ಟು, ಬೀನ್ಸೋ ಗೋರಿಕಾಯೋ ಅರ್ಧ ಕೆ.ಜಿ., ಕ್ಯಾರೆಟ್ ಕಾಲು ಕೆ.ಜಿ., ಸೀಬೆ ಎರಡು. ಒಂದೂವರೆ ಕೆ.ಜಿ. ದಾಟಬಾರದು, 1–2ನೇ ತರಗತಿಯ ಮಗುವಿನ ಪುಸ್ತಕದ ಚೀಲವೇ ಎರಡು ಕೆ.ಜಿ. ಮೀರಬಾರದೆಂಬ ನಿಯಮವಿದೆ. ಸಂಜೆ ಸಂತೆಯಲ್ಲಿ ಅಗ್ಗಕ್ಕೆ ತಂದ ಸೊಪ್ಪು ಮಾರನೇ ದಿನ ಬಾಡಿರುತ್ತದೆ, ಎರಡನೇ ವಾರಕ್ಕೇ ಜನ ಬೇಡವೆನ್ನುತ್ತಾರೆ. ಶನಿವಾರ ಚೀಲ ಕೊಡಬೇಡಿ. ಭಾನುವಾರ ಬಾಡೂಟದ ಮನೆಗಳಲ್ಲಿ ಅದು ಬಿಚ್ಚದೆ ಉಳಿಯುತ್ತದೆ. ಸೋಮವಾರ ಬಾಡು ಮಾಡದ ಮನೆಗಳು ಬಹಳ, ಅವತ್ತು ಸಂಜೆಗೆ ತರಕಾರಿ ಬೇಕೇ ಬೇಕು.

ಬೇಸಿಗೆ ರಜೆಗೆ ಒಂದೇ ದಾರಿ, ತೋಟವೂ ರಜೆ ಮಾಡಬೇಕು. ಬೇಸಿಗೆಯಲ್ಲಿ 1,200 ಚದರಡಿ ಮಡಿಗೆ ದಿನಕ್ಕೆ 500–600 ಲೀಟರ್ ನೀರು ಬೇಕು, ಏಪ್ರಿಲ್‌ನಲ್ಲಿ ಅದನ್ನು ಹೊರುವವರು ಯಾರು? ಕೊನೆಯ ಬಿತ್ತನೆ ಜನವರಿಗೆ ಮುಗಿಯಲಿ, ಮಾರ್ಚ್ ಕೊನೆಗೆ ಮಡಿ ಖಾಲಿಯಾಗಲಿ, ಒಣ ಎಲೆ ರಾಗಿಹುಲ್ಲು ಆರಿಂಚು ಹೊದಿಸಿ ಬಿಡಿ. ನುಗ್ಗೆ, ಕರಿಬೇವು, ಪಪ್ಪಾಯ ಮಾತ್ರ ಉಳಿಯಲಿ. ಶಾಲೆ ನಡೆಯುವಾಗ ಅಕ್ಕಿ ತರಕಾರಿ ತೊಳೆದ ನೀರು ಮಡಿಗೂ ಹೋಗಲಿ, ತಟ್ಟೆ ತೊಳೆದ ಸೋಪಿನ ನೀರು ಸೊಪ್ಪಿಗೆ ಬೇಡ. ದಸರಾ ರಜೆ ಬೇರೆ: ಆಗಸ್ಟ್ ಮೊದಲ ವಾರ ಬಿತ್ತಿದ ಗೋರಿಕಾಯಿ, ಹೀರೆ ಸರಿಯಾಗಿ ರಜೆಗೇ ಕಾಯಿ ಬಿಡುತ್ತವೆ. ಆ ಎರಡು ವಾರ ನೀರು ಹಾಕುವ ಸರದಿ ಮನೆಗಳಿಗೆ ಹಂಚಿ, ಅವತ್ತು ಕೊಯ್ದದ್ದು ಅವತ್ತು ನೀರು ಹಾಕಿದ ಮನೆಗೆ. ತೋಟದ ತರಕಾರಿ ಮನೆಗೆ ಹೋಗಬೇಕಾದ್ದು ಆಗ ಮಾತ್ರ.

ಹುಳಕ್ಕೆ ರಾಸಾಯನಿಕ ಮುಟ್ಟಬೇಡಿ. ಬೇವಿನ ಬೀಜದ ತಿರುಳು ಅರ್ಧ ಕೆ.ಜಿ. ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೆನೆಸಿ, ಹಿಂಡಿ ಹತ್ತು ಲೀಟರ್ ಮಾಡಿ ಸಂಜೆ ಸಿಂಪಡಿಸಿ. ಬೆಂಡೆಯ ಎಲೆ ಹಳದಿ ಬಲೆಯಂತಾದರೆ ಅದು ಬಿಳಿನೊಣ ತಂದ ನಂಜು ರೋಗ, ಔಷಧಿಯಿಲ್ಲ, ಕಿತ್ತು ಸುಡಿ.

ಒಂದು ಎಚ್ಚರಿಕೆ. ತೋಟವಿದೆಯೆಂದು ಬಿಸಿಯೂಟದ ತರಕಾರಿ ಖರೀದಿ ಕಡಿಮೆ ಮಾಡಬೇಡಿ. ತೋಟದ್ದು ಮೇಲ್ಸೇರಿಕೆ. ದಿನದ ಕೊಯ್ಲನ್ನು ತೂಗಿ ಮಕ್ಕಳ ಕೈಯಲ್ಲೇ ಪುಸ್ತಕಕ್ಕೆ ಬರೆಸಿದರೆ ಗಣಿತದ ಪಾಠವೂ ಆಯಿತು, ಲೆಕ್ಕ ಕೇಳುವವರಿಗೆ ಉತ್ತರವೂ ಇತ್ತು.

ಮೊದಲ ಬೀಜ ಯಾವುದು ಎಂದಿರಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ದಂಟು, ಅರ್ಕಾ ಅನುಪಮ ಪಾಲಕ್ ಎರಡೂ ಕೊಯ್ದಂತೆ ಚಿಗುರುವವು, ಶಾಲೆಗೆ ಹೇಳಿ ಮಾಡಿಸಿದಂಥವು. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಬೇಡ. ರೋಗ ತಡೆಯುತ್ತದೆ ನಿಜ, ಆದರೆ ಹೈಬ್ರಿಡ್, ಅದರ ಬೀಜ ಎತ್ತಿಟ್ಟು ಮನೆಗೆ ಕೊಟ್ಟರೆ ಅದೇ ಗಿಡ ಬರುವುದಿಲ್ಲ. ಅರ್ಕಾ ವಿಕಾಸ್ ತನ್ನಿ. ನುಗ್ಗೆಗೆ ಬಾಗಲಕೋಟೆಯ ‘ಭಾಗ್ಯ’ ಅಥವಾ ಪಿಕೆಎಂ-1 ತಳಿ, ನೂರು ಬೀಜ ಸಾಕು. ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ನಿಮಗೆ ಹತ್ತಿರ. ಮೇ ತಿಂಗಳಲ್ಲೇ ಹೋಗಿ ಹೇಳಿಟ್ಟು ಬನ್ನಿ, ಜೂನ್‌ನಲ್ಲಿ ಹೋದರೆ ಬೀಜದ ಡಬ್ಬಿ ಖಾಲಿಯಾಗಿರುತ್ತದೆ.