ಸಂಪಾದಕರ ಉತ್ತರ: ಅಪ್ಪ ಕೈ ತೋರಿಸಿದಲ್ಲಿ ಗಾಡಿ ನಿಲ್ಲಿಸಿ

ಬೆಂಗಳೂರಿನಲ್ಲಿರುವ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಮೂಲ ಊರು ಶಿರಸಿ ಹತ್ತಿರ. ಅವರ ಅಪ್ಪನಿಗೆ ಈಗ 74. ಮೂವತ್ತು ವರ್ಷ ಶಿರಸಿ, ಕುಮಟಾ, ಕಾರವಾರ ಅಂತ ಲಾರಿ ಓಡಿಸಿದವರು. ಘಟ್ಟ ಇಳಿಯುವಾಗ ಅಡಿಕೆ, ಹತ್ತುವಾಗ ಉಪ್ಪು. “ಒಂದ್ಸಲ ಆ ದಾರೀಲಿ ಹೋಗಿಬರಬೇಕಿತ್ತು, ಕತಗಾಲದ ಚಹಾ ಅಂಗಡಿ ಇದ್ಯೋ ಇಲ್ವೋ” ಅಂತ ಆಗಾಗ ಹೇಳುತ್ತಾರಂತೆ. ಕತಗಾಲ ಅಂದರೆ ಕುಮಟಾ ದಾರಿಯಲ್ಲಿ ಘಟ್ಟ ಇಳಿದ ಮೇಲೆ ಸಿಗುವ ಊರು. ಮಗಳಿಗೆ ತಾನೇ ಕಾರು ಓಡಿಸಿಕೊಂಡು ಕರೆದೊಯ್ಯುವ ಆಸೆ. “ಆದರೆ ನಾನು ಸ್ಟೇರಿಂಗ್ ಹಿಡಿದರೆ ಅಪ್ಪ ಪಕ್ಕದಲ್ಲಿ ಕೂತು ತಾವೇ ಬ್ರೇಕ್ ತುಳಿಯುತ್ತಾರೆ. ಹತ್ತು ನಿಮಿಷಕ್ಕೆ ಜಗಳ. ಜಗಳ ಇಲ್ಲದಾಗ ಮಾತೇ ಇಲ್ಲ. ಅವರ ಹಳೇ ಕಥೆಗಳನ್ನು ರೆಕಾರ್ಡ್ ಮಾಡಿಕೊಳ್ಳಬೇಕು ಅಂತಿದೆ. ಹೇಗೆ ಕೇಳಲಿ? ಒಂದು ದಿನ ಸಾಕಾ?” ಇದು ಅವರ ಪ್ರಶ್ನೆ.

ಪ್ರಿಯ ಓದುಗರೇ,

ಒಂದು ದಿನ ಸಾಲದು. ಶಿರಸಿಯಿಂದ ಕಾರವಾರಕ್ಕೆ 130 ಕಿಲೋಮೀಟರ್ ಕೂಡ ಇಲ್ಲ, ಅರ್ಧ ದಿನದಲ್ಲಿ ಮುಟ್ಟಬಹುದು, ನಿಜ. ಆದರೆ ನೀವು ಮುಟ್ಟೋದಕ್ಕೆ ಹೋಗುತ್ತಿಲ್ಲ ಅಲ್ವಾ? ಎರಡು ರಾತ್ರಿ ಇಟ್ಟುಕೊಳ್ಳಿ. ಒಂದು ಕುಮಟಾದಲ್ಲಿ, ಒಂದು ಕಾರವಾರದಲ್ಲಿ.

ರೆಕಾರ್ಡ್ ಮಾಡುವ ಆಸೆ ನನಗೂ ಇತ್ತು. ನಮ್ಮ ಆಯಿಯ ಜೊತೆ ಒಂದು ಮೇ ತಿಂಗಳಲ್ಲಿ ಕಾರವಾರದಿಂದ ಕುಮಟಾಕ್ಕೆ ಬರುತ್ತಿದ್ದೆ. ಮೊಬೈಲನ್ನು ಅವಳ ಮುಂದೆ ಹಿಡಿದು, “ಆಯಿ, ನಿನ್ನ ಸಣ್ಣವಳಿದ್ದಾಗಿನ ಕಥೆ ಹೇಳು” ಅಂದೆ. ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. “ಎಂತ ಹೇಳೋದು, ಎಲ್ಲಾರ ಹಾಗೇ” ಅಂದಳು. ಅಲ್ಲಿಗೆ ಮುಗಿಯಿತು. ನಾನು ಕೇಳಿದ ರೀತಿ ತಪ್ಪಿತ್ತು.

ಅಂಕೋಲಾ ದಾಟುವಾಗ ರಸ್ತೆ ಬದಿಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಕರಿ ಇಶಾಡು ಮಾವಿನಹಣ್ಣು ಇಟ್ಟುಕೊಂಡು ಕೂತಿದ್ದರು. ಗಾಡಿ ನಿಲ್ಲಿಸು ಅಂದಳು. ಇಳಿದು ಒಂದೊಂದೇ ಹಣ್ಣು ಎತ್ತಿ, ತೊಟ್ಟಿನ ಹತ್ತಿರ ಮೂಸಿ, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಅರ್ಧ ತಾಸು ಚೌಕಾಸಿ ಮಾಡಿ ಒಂದು ಡಜನ್ ತಂದಳು. ಗಂಗಾವಳಿ ಸೇತುವೆ ಬಂದಾಗ ಮತ್ತೆ ನಿಲ್ಲಿಸು ಅಂದಳು. ಹೊಳೆ ಕಾಣುವಲ್ಲಿ ಒಂದು ಕಲ್ಲಿನ ಮೇಲೆ ಕೂತು, ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿದು ತಿನ್ನುತ್ತಾ, “ತಾರಿ ಅಲ್ಲಿತ್ತು ನೋಡು” ಅಂತ ರಸ ಸುರಿಯುವ ಕೈಯಲ್ಲೇ ತೋರಿಸಿದಳು. ತಾರಿ ಅಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ. ಸೇತುವೆ ಆಗುವ ಮೊದಲು ಬಸ್ಸು ಈಚೆ ದಂಡೆಗೇ ನಿಲ್ಲುತ್ತಿತ್ತಂತೆ. ಇಳಿದು, ದೋಣಿಯಲ್ಲಿ ದಾಟಿ, ಆಚೆ ಇನ್ನೊಂದು ಬಸ್ಸು ಹಿಡಿಯಬೇಕು. ಮದುವೆಯಾಗಿ ಬರುವಾಗ ಟ್ರಂಕು ಒಂದು ದೋಣಿಯಲ್ಲಿ, ಅವಳು ಇನ್ನೊಂದು ದೋಣಿಯಲ್ಲಿ. ಟ್ರಂಕಿನ ದೋಣಿ ಹಿಂದೆ ಉಳಿಯಿತು ಅಂತ ದಂಡೆಯಲ್ಲಿ ನಿಂತು ಅತ್ತಿದ್ದಳಂತೆ. ಇದನ್ನು ನಾನು ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಮೊಬೈಲು ಕಾರಿನಲ್ಲೇ ಇತ್ತು. ಆದರೆ ಒಂದು ಮಾತೂ ಮರೆತಿಲ್ಲ.

ಅದಕ್ಕೇ ಹೇಳುತ್ತೇನೆ, ಅಪ್ಪನ ಬಗ್ಗೆ ಅಪ್ಪನನ್ನು ಕೇಳಬೇಡಿ. ದಾರಿಯ ಬಗ್ಗೆ ಕೇಳಿ. ಈ ತಿರುವಿಗೆ ನೀವು ಯಾವ ಗೇರ್ ಹಾಕುತ್ತಿದ್ದಿರಿ? ಎಲ್ಲಿ ನೀರು ಹಾಕಿಸುತ್ತಿದ್ದಿರಿ? ಲೋಡ್ ಗಾಡಿ ಘಟ್ಟದಲ್ಲಿ ನಿಂತುಹೋದರೆ ಕ್ಲೀನರ್ ಏನು ಮಾಡುತ್ತಿದ್ದ? ಇಂಥ ಪ್ರಶ್ನೆಗೆ ಉತ್ತರ ಕೊಡದ ಡ್ರೈವರ್ ಇಲ್ಲ. ಹಿಂದಿನ ಗಾಲಿಗೆ ಕಲ್ಲು ಅಡ್ಡ ಇಡಲು ಓಡಿದ ಹುಡುಗನ ಹೆಸರು ಬರುತ್ತದೆ. ಆ ಹುಡುಗ ಯಾವ ಊರಿನವನು, ಆಮೇಲೆ ಏನಾದ, ಎಲ್ಲ ಹಿಂದಿನಿಂದಲೇ ಬರುತ್ತದೆ.

ಅವರು ಪಕ್ಕದಲ್ಲಿ ಕೂತು ಬ್ರೇಕ್ ತುಳಿಯೋದಕ್ಕೂ ಇದೇ ಮದ್ದು. ಘಟ್ಟದ ಹಳೇ ಡ್ರೈವರುಗಳು ಹೇಳುವ ಮಾತು ನೀವೂ ಕೇಳಿರಬಹುದು: ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ. ಇಳಿಜಾರಿನಲ್ಲಿ ಉದ್ದಕ್ಕೂ ಬ್ರೇಕ್ ಮೇಲೆ ಕಾಲಿಟ್ಟರೆ, ಗಾಲಿಯನ್ನು ಉಜ್ಜಿ ನಿಲ್ಲಿಸುವ ಬ್ರೇಕ್ ಲೈನರ್ ಕಾದು ಬಿಸಿಯಾಗುತ್ತದೆ. ಕಾದ ಲೈನರ್ ಹಿಡಿಯೋದಿಲ್ಲ. ಸಣ್ಣ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು, ಏಕೆಂದರೆ ನಿಂತರೆ ಅದು ಮತ್ತೆ ಏಳೋದು ಕಷ್ಟ. ಹತ್ತು ಟನ್ ಹೇರಿಕೊಂಡು ಮೂವತ್ತು ವರ್ಷ ಹೀಗೆ ಇಳಿದವರ ಕಾಲು ಸುಮ್ನೆ ಹೇಗೆ ಇರುತ್ತದೆ? ಶಿರಸಿ–ಕುಮಟಾ ನಡುವಿನ ದೇವಿಮನೆ ಘಟ್ಟದ ತಲೆಯಲ್ಲಿ ಗಾಡಿ ನಿಲ್ಲಿಸಿ, ದೇವಿಗೆ ಕೈಮುಗಿದು ಬಂದು, “ಅಪ್ಪಾ, ಇಳಿಯುವಾಗ ನೀವೇ ಗೇರ್ ಹೇಳಿ” ಅನ್ನಿ. ಅವರು ಹೇಳಿದ ಹಾಗೇ ಇಳಿಸಿ. ಕತಗಾಲ ಬರುವಷ್ಟರಲ್ಲಿ ಅವರ ಕಾಲು ತಾನಾಗಿ ಸಡಿಲವಾಗುತ್ತದೆ ಅಂತ ನನ್ನ ನಂಬಿಕೆ.

ಈ ದಾರಿಯ ಹಳೇ ಸಂಗತಿಯೊಂದನ್ನು ಅಪ್ಪನಿಗೆ ನೀವು ಹೇಳಬಹುದು. ಘಟ್ಟದ ಮೇಲಿನ ಹತ್ತಿ ಎತ್ತಿನ ಗಾಡಿಗಳಲ್ಲಿ ಕುಮಟಾ ಬಂದರಿಗೆ ಇಳಿದು, ಅಲ್ಲಿಂದ ಹಡಗಿನಲ್ಲಿ ಮುಂಬೈಗೆ ಹೋಗುತ್ತಿತ್ತು. ಧಾರವಾಡ ಸೀಮೆಯಲ್ಲಿ ಬೆಳೆದ ಆ ಹತ್ತಿಗೆ ಮುಂಬೈ ಪೇಟೆಯಲ್ಲಿ ‘ಕುಮಟಾ ಹತ್ತಿ’ ಅಂತಲೇ ಹೆಸರು. ಕುಮಟಾದಲ್ಲಿ ಹತ್ತಿ ಬೆಳೆಯೋದಿಲ್ಲ. ಬೆಳೆದ ಊರಿಗೆ ಸಿಗಬೇಕಾದ ಹೆಸರು ಹಡಗು ಹತ್ತಿದ ಊರಿಗೆ ಸಿಕ್ಕಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಇಲ್ಲಿನ ಹತ್ತಿಗೆ ಬಂಗಾರದ ಬೆಲೆ ಬಂತು. ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದೂ ಅದೇ ಕಾಲದಲ್ಲಿ, 1862ರಲ್ಲಿ. ಹತ್ತಿ ಇಳಿಸಿದ ಗಾಡಿಗಳು ಬರಿದೇ ಹತ್ತುತ್ತಿರಲಿಲ್ಲ, ಉಪ್ಪು ಹೇರಿಕೊಂಡು ಹೋಗುತ್ತಿದ್ದವು. ಅದೇ ಉಪ್ಪು, ಅದೇ ಘಟ್ಟ, ನಿಮ್ಮ ಅಪ್ಪನ ಲಾರಿಯವರೆಗೂ. 1880ರ ದಶಕದಲ್ಲಿ ರೈಲು ಗೋವಾದ ಮರ್ಮಗೋವಾ ಬಂದರಿಗೆ ಹೋದ ಮೇಲೆ ಹತ್ತಿ ಆ ಕಡೆ ತಿರುಗಿತು. ಕುಮಟಾ ಬಂದರು ಸಣ್ಣದಾಯಿತು.

ಯಾವಾಗ ಹೋಗಬೇಕು? ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಇಶಾಡು ಬೇಕೆಂದರೆ ಮೇ, ಆದರೆ ಸೆಕೆ ಜಾಸ್ತಿ. ಮಳೆಗಾಲದಲ್ಲಿ ಬೇಡವೇ ಬೇಡ. ಶಿರಸಿ–ಕುಮಟಾ ರಸ್ತೆ ಅಗಲ ಮಾಡುವ ಕೆಲಸಕ್ಕಾಗಿ ಈಚೆಗೆ ಆಗಾಗ ಬಂದ್ ಆಗಿದೆ, ಹಾಗಾಗಿ ಹೊರಡುವ ಹಿಂದಿನ ದಿನ ಊರಿನವರಿಗೆ ಒಂದು ಫೋನ್ ಮಾಡಿ. ಮರಳುವಾಗ ಬೇಕಿದ್ದರೆ ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಬನ್ನಿ.

ಕುಮಟಾದಿಂದ ಮುಂದೆ ಅಗಲ ರಸ್ತೆ. ನಿಮ್ಮ ಅಪ್ಪನಿಗೆ ಅದು ರಾಷ್ಟ್ರೀಯ ಹೆದ್ದಾರಿ 17, ಈಗ ಅದಕ್ಕೆ 66 ಅಂತಾರೆ. ಇಲ್ಲಿ ಗಾಡಿ ತಾನಾಗಿ ಓಡುತ್ತದೆ, ಇಲ್ಲೇ ಜಾಸ್ತಿ ನಿಲ್ಲಬೇಕು. ಮಿರ್ಜಾನ ಕೋಟೆ ಹೆದ್ದಾರಿಗೆ ಹತ್ತಿರವೇ ಇದೆ. ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕೋಟೆ ಅದು. ಅಪ್ಪನಿಗೆ ಮೆಟ್ಟಿಲು ಕಷ್ಟವಾದರೆ ಹೊರಗಿನಿಂದ ನೋಡಿದರೂ ಸಾಕು.

ಎರಡು ಕಡೆ ಅವರು ಸುಮ್ಮನಾಗಬಹುದು, ಆಗ ನೀವೂ ಸುಮ್ಮನಿರಿ. ಒಂದು ಗಂಗಾವಳಿ ದಂಡೆಯ ಶಿರೂರು. 2024ರ ಜುಲೈ 16ರಂದು ಅಲ್ಲಿ ಗುಡ್ಡ ಜಾರಿ, ರಸ್ತೆ ಬದಿಯ ಚಹಾ ಅಂಗಡಿಯನ್ನೂ ನಿಂತಿದ್ದ ಗಾಡಿಗಳನ್ನೂ ಹೊಳೆಗೆ ನೂಕಿತು. ಕೇರಳದ ಲಾರಿಯೊಂದು ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಲಾರಿ ನಿಲ್ಲಿಸಿ ಚಹಾ ಕುಡಿಯುವುದು ಅಂದರೆ ಏನು ಅಂತ ಗೊತ್ತಿರುವವರಿಗೆ ಆ ಜಾಗ ದಾಟುವುದು ಸುಲಭವಲ್ಲ. ಇನ್ನೊಂದು ಕಾರವಾರದ ಕಾಳಿ ಹೊಳೆ. ಕೋಡಿಬಾಗ–ಸದಾಶಿವಗಡದ ನಡುವಿನ ಹಳೇ ಸೇತುವೆ ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಳಚಿ ಬಿತ್ತು. ಮೇಲಿದ್ದ ಲಾರಿ ಹೊಳೆಗೆ ಬಿತ್ತು, ಡ್ರೈವರ್ ಬದುಕಿಕೊಂಡ. ನಿಮ್ಮ ಅಪ್ಪ ಆ ಸೇತುವೆಯನ್ನು ಎಷ್ಟು ಸಲ ದಾಟಿರಬೇಡ! ಕೋಡಿಬಾಗದ ಕಡೆ ದಂಡೆಯಲ್ಲಿ ಸಂಜೆ ಹೊತ್ತು ಅವರನ್ನು ಕೂರಿಸಿ. ಒಂದು ಫ್ಲಾಸ್ಕಿನಲ್ಲಿ ಚಹಾ ಇರಲಿ.

ಹೋಗಿಬಂದು ಬರೆಯಿರಿ. ಕತಗಾಲದ ಅಂಗಡಿ ಸಿಕ್ಕಿತೋ ಇಲ್ಲವೋ, ಸಿಕ್ಕಿದ್ದರೆ ಒಳಗೆ ಈಗ ಯಾರು ಕೂತಿದ್ದಾರೆ, ಅವರಿಗೆ ನಿಮ್ಮ ಅಪ್ಪನ ಗುರುತು ಹತ್ತಿತೋ, ಅದನ್ನೂ ಬರೆಯಿರಿ.

– ಸಂಪಾದಕ